ಮೋನಮ್ಮನ ಕಾರ್ಡು ಮತ್ತು ಓಣಿಯ ಮುಷ್ಟಿ ಜೋಳ

ಮಾನ್ಯರೇ,

ಹೀಗೆ ಕರೆಯುವುದು ವಾಡಿಕೆ, ಅದಕ್ಕೇ ಕರೆದೆ. ನೀವು ಬ್ಯಾಂಕಿನ ಕ್ರೆಡಿಟ್ ಕಾರ್ಡು ವಿಭಾಗದ ಮುಖ್ಯಸ್ಥರು ಅನ್ನುವುದಷ್ಟೇ ನನಗೆ ಗೊತ್ತು. ಹೆಸರು ಗೊತ್ತಿಲ್ಲ. ನೀವು ಕಳಿಸಿದ ಪತ್ರದ ಅಡಿಯಲ್ಲಿ "ಇದು ಗಣಕಯಂತ್ರ ಸಿದ್ಧಪಡಿಸಿದ ಪತ್ರ, ಸಹಿಯ ಅಗತ್ಯವಿಲ್ಲ" ಎಂದಿದೆ. ಒಬ್ಬ ಹೆಣ್ಣುಮಗಳ ಮಾನ ಕಳೆಯುವಾಗಲೂ ಸಹಿಯ ಅಗತ್ಯ ಬೀಳದಷ್ಟು ಎತ್ತರದ ಕುರ್ಚಿ ನಿಮ್ಮದು. ಆ ಪತ್ರದಲ್ಲಿ ನನ್ನ ಅಕ್ಕ ಮೋನಮ್ಮ, ಸುರಪುರದ ವಿದ್ಯಾರ್ಥಿ ನಿಲಯದಲ್ಲಿ ಆಯುಷ್ಯವಿಡೀ ರೊಟ್ಟಿ ಬಡಿದು ನಿವೃತ್ತಳಾದವಳು, ನಿಮ್ಮ ಕಾರ್ಡನ್ನು "ವಾಣಿಜ್ಯ ಉದ್ದೇಶಕ್ಕೆ ದುರ್ಬಳಕೆ" ಮಾಡಿದ್ದಾಳೆ ಎಂದು ಬರೆದಿದ್ದೀರಿ. ಅವಳು ಕೂಡಿಸಿದ್ದ ಪಾಯಿಂಟುಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿದ್ದೀರಿ. ನಿಮಗೆ ಅವು ಪಾಯಿಂಟು. ನಮಗೆ ಅವು ನಾಗಪುರಕ್ಕೆ ಹೋಗುವ ರೈಲಿನಲ್ಲಿ ಎರಡು ಬರ್ತು. ಒಂದು ಅಕ್ಕನದು, ಒಂದು ಮುನ್ನಿಬೀಯದು. ಜಗಳ ಇಷ್ಟೇ. ಹೇಗೆ ನಡೆಯಿತು ಎಂದು ನಿಮ್ಮ ಗಣಕಯಂತ್ರ ಕೇಳಲಿಲ್ಲ, ಹಾಗಾಗಿ ಊರಿಗೆಲ್ಲ ಕೇಳುವಂತೆ ನಾನೇ ಹೇಳುತ್ತಿದ್ದೇನೆ.

ನವೆಂಬರ್ ಬಂತೆಂದರೆ ಪಿಂಚಣಿದಾರರು ಬ್ಯಾಂಕಿಗೆ ಬಂದು ತಾವಿನ್ನೂ ಸತ್ತಿಲ್ಲವೆಂದು ಪ್ರಮಾಣ ಮಾಡಿಕೊಡಬೇಕಲ್ಲ, ಅಲ್ಲಿಂದ ಶುರು. ಶಹಾಪುರದ ನಿಮ್ಮ ಶಾಖೆಯಲ್ಲಿ ಆ ದಿನಗಳಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಕೋಲು ಹಿಡಿದವರು, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದವರು, ಮೊಮ್ಮಕ್ಕಳ ಹೆಗಲ ಮೇಲೆ ಕೈ ಇಟ್ಟವರು, ಎಲ್ಲರೂ ಸಾಲಾಗಿ ನಿಂತು ಯಂತ್ರಕ್ಕೆ ಬೆರಳು ಒತ್ತಿ ಜೀವಂತ ಎಂದು ಅನ್ನಿಸಿಕೊಂಡು ಹೋಗಬೇಕು. ಎರಡು ವರ್ಷದ ಹಿಂದೆ ಅದೇ ಯಂತ್ರದ ಪಕ್ಕಕ್ಕೆ ನಿಮ್ಮ ವಿಭಾಗದವರು ಒಂದು ಟೇಬಲ್ಲು ಹಾಕಿ, ಟೈ ಕಟ್ಟಿದ ಒಬ್ಬನನ್ನು ಕೂಡಿಸಿದ್ದರು. ಎಂಥ ಬುದ್ಧಿವಂತಿಕೆ ನೋಡಿ. ಬದುಕಿದ್ದೇನೆ ಎನ್ನಲು ಇಲ್ಲಿ ಬೆರಳು ಒತ್ತು, ಸಾಲಗಾರನಾಗಲು ಅಲ್ಲಿ ಸಹಿ ಹಾಕು. ಅಕ್ಕನ ಬೆರಳ ಗೆರೆ ಬೆಂಕಿಯ ಮುಂದೆ ಸವೆದು ಹೋಗಿರುವುದರಿಂದ ಯಂತ್ರ ಅವಳನ್ನು ಬೇಗ ನಂಬುವುದಿಲ್ಲ. "ಸ್ವಲ್ಪ ಕುಂದರ್ರಿ, ಆಮ್ಯಾಲ ಮತ್ತೊಮ್ಮೆ ನೋಡೂಣು" ಎಂದರು. ಖಾಲಿ ಇದ್ದದ್ದು ಆ ಟೇಬಲ್ಲಿನ ಮುಂದಿನ ಕುರ್ಚಿ ಒಂದೇ. ಕುಂತಳು. ಜೊತೆಗೆ ಮುನ್ನಿಬೀಯೂ ಕುಂತಳು.

ಮುನ್ನಿಬೀ ಯಾರೆಂದು ಹೇಳಬೇಕು. ಅಕ್ಕ ರೊಟ್ಟಿ ಬಡಿಯುತ್ತಿದ್ದ ಹಾಸ್ಟೆಲಿನಲ್ಲೇ ಅವಳು ಕಾಯಿಪಲ್ಯ ಹೆಚ್ಚಿ ಸಾರು ಕಾಸುತ್ತಿದ್ದವಳು. ಈಗ ಇಬ್ಬರೂ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿದ ಮನೆಗಳಲ್ಲಿ ಇದ್ದಾರೆ. ಬಚ್ಚಲಿನಲ್ಲಿ ಜಾರಿ ಬಿದ್ದು ಮುನ್ನಿಬೀಯ ಸೊಂಟಕ್ಕೆ ರಾಡು ಹಾಕಿದ್ದಾರೆ. ಇಬ್ಬರಿಗೂ ನಾಗಪುರದ ಹಂಬಲ. ಅಕ್ಕನಿಗೆ ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ನೆಲದ ಮೇಲೆ ಒಮ್ಮೆ ನಿಲ್ಲಬೇಕು, ಮುನ್ನಿಬೀಗೆ ತಾಜುದ್ದೀನ್ ಬಾಬಾನ ದರ್ಗಾಕ್ಕೆ ಒಮ್ಮೆ ಹಣೆ ಹಚ್ಚಬೇಕು. ಕಟ್ಟೆಯ ಮೇಲೆ ಕುಂತಾಗ ಇದೇ ಮಾತು.

"ನಿನ್ನ ಬಾಬಾನೂ ಅಲ್ಲೇ ಅದಾನ, ನನ್ನ ಬಾಬಾನೂ ಅಲ್ಲೇ ಅದಾನ. ಒಂದ ಟಿಕೀಟಿನ್ಯಾಗ ಇಬ್ಬರಿಗೂ ಸಲಾಮ ಹೇಳಿ ಬರೂಣು ನಡಿ ಮೋನವ್ವ" ಎನ್ನುತ್ತಿದ್ದಳು ಮುನ್ನಿಬೀ.

"ನಿನ್ನ ಬಾಬಾ ಬೇಡಿದ್ದು ಕೊಡ್ತಾನಂತ. ನನ್ನ ಬಾಬಾ ಬೇಡಬ್ಯಾಡ, ಹಕ್ಕಿನಿಂದ ಕೇಳು ಅಂದಾನ."

"ಹಂಗಾದ್ರ ನೀ ಕೇಳು, ನಾ ಬೇಡ್ತೀನಿ. ಯಾರದರ ಒಬ್ಬರದು ಹತ್ತತದ."

ಹೋಗಲಿಕ್ಕೇನು ಅಡ್ಡಿ ಎಂದು ನೀವು ಕೇಳಬಹುದು. ನಮ್ಮ ಜನ ಪ್ರತಿ ವರ್ಷ ಹೋಗುತ್ತಾರೆ, ಜನರಲ್ ಡಬ್ಬಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೋಗುತ್ತಾರೆ, ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹೋಗುತ್ತಾರೆ. ರಾಡು ಹಾಕಿದ ಸೊಂಟಕ್ಕೆ ಹಾಗೆ ಹೋಗಲು ಬರುವುದಿಲ್ಲ. ಯಾದಗಿರಿಯಲ್ಲಿ ಹತ್ತಿ, ಸಿಕಂದರಾಬಾದಿನಲ್ಲಿ ಬದಲಿಸಿ, ಮಲಗಿಕೊಂಡೇ ಹೋಗಿ ಮಲಗಿಕೊಂಡೇ ಬರಬೇಕು. ಕೆಳಗಿನ ಬರ್ತು, ತಂಪು ಡಬ್ಬಿ. ಅಡುಗೆಯವರ ಪಿಂಚಣಿಯಲ್ಲಿ ಗುಳಿಗೆ ತೆಗೆದು, ಗ್ಯಾಸು ತೆಗೆದು, ಮನೆ ಬಾಡಿಗೆ ತೆಗೆದರೆ ಅಂಥ ಬರ್ತಿನ ಕನಸು ಮಾತ್ರ ಉಳಿಯುತ್ತದೆ.

ಆ ಟೇಬಲ್ಲಿನ ಮೇಲೆ ಮೂರು ಬಣ್ಣದ ಮೂರು ಕಾಗದ ಇದ್ದವು. ಒಂದು ಪೆಟ್ರೋಲಿಗೆ ಬಹುಮಾನ ಕೊಡುವ ಕಾರ್ಡು, ಒಂದು ಮಾಲ್‌ಗಳ ಖರೀದಿಗೆ, ಇನ್ನೊಂದು ಪ್ರವಾಸಕ್ಕೆ. ಟೈ ಕಟ್ಟಿದವನು ಮೊದಲನೆಯದನ್ನು ಮುಂದೆ ಸರಿಸಿದ.

"ತಿಂಗಳಿಗೆ ಎಷ್ಟು ಪೆಟ್ರೋಲ್ ಹಾಕಸ್ತೀರಿ ಅಮ್ಮಾ?"

"ನನಗೇನು ಟಾಕಿ ಅದೇನಪಾ ಹಾಕಸಾಕ? ಒಂದು ಕಪ್ಪು ಚಾ ಹಾಕಿದ್ರ ಸಂಜಿತನಕ ನಡಿತೀನಿ."

ಎರಡನೆಯದು ಸರಿಸಿದ. ಮಾಲ್‌ನಲ್ಲಿ ಕೊಂಡರೆ ಇಮ್ಮಡಿ ಪಾಯಿಂಟು ಎಂದ.

"ಶಹಾಪುರದಾಗ ಮಾಲ್ ಎಲ್ಲದ ಬೇಟಾ? ಸಂತಿ ನಡಿತದೇನು?" ಎಂದು ಮುನ್ನಿಬೀ ಕೇಳಿದಳು. ನಿಮ್ಮವನು ನಕ್ಕ. ಅಕ್ಕ ಮೂರನೆಯ ಕಾಗದ ಕೈಗೆತ್ತಿಕೊಂಡಳು. ಅದರ ಮೇಲೆ ಗುಡ್ಡದ ಚಿತ್ರ, ವಿಮಾನದ ಚಿತ್ರ.

"ಪ್ರವಾಸ ಅಂದ್ರ ಅದರಾಗ ರೈಲೂ ಬಂತೇನ್ರಿ?"

"ಪ್ರವಾಸ ಅಂದ್ಮ್ಯಾಲ ಎಲ್ಲಾ ಬಂತಮ್ಮಾ."

ಮಾನ್ಯರೇ, ಈ ಮಾತನ್ನು ದಯವಿಟ್ಟು ನೆನಪಿಡಿ. ನನ್ನ ಅಕ್ಕ ಕಾರ್ಡು ಆರಿಸಿದ್ದು ಈ ಒಂದು ಮಾತಿನ ಮೇಲೆ. ನಿಮ್ಮ ಸಣ್ಣಕ್ಷರದ ಷರತ್ತುಗಳನ್ನು ಅವಳು ಓದಲಿಲ್ಲವೆಂದು ನೀವು ಅನ್ನುತ್ತೀರಿ. ಕನ್ನಡದಲ್ಲಿ ಒಂದು ಅಕ್ಷರವಾದರೂ ಇದ್ದರೆ ಓದುತ್ತಿದ್ದಳು.

ಮನೆಗೆ ಬಂದು ಹೇಳಿದಳು, ನಾನು ಬೇಡವೆಂದೆ. ನಾನು ಚಳವಳಿಯಲ್ಲಿ ಬೆಳೆದವನು, ಬೇಡ ಅನ್ನುವುದನ್ನೇ ಮೊದಲು ಕಲಿತವನು. "ಅಕ್ಕಾ, ಸಾಲ ಕೊಡಾಂವ ತಾನಾಗಿ ಟೇಬಲ್ ಹಾಕ್ಕೊಂಡು ಕುಂತಾನಂದ್ರ ಅವ ಕೊಡಾಕ ಬಂದಿಲ್ಲ, ತಗೊಳಾಕ ಬಂದಾನ" ಎಂದೆ.

"ನೀ ಹುಟ್ಟಿದಾಗಿಂದ ಬ್ಯಾಡ ಬ್ಯಾಡ ಅಂತ ಮೆರವಣಿಗಿ ಮಾಡಿದಿ. ನಮ್ಮೂರ ಹೊಲಕ್ಕ ಎಷ್ಟು ನೀರು ಬಂತು ಹೇಳು ತಮ್ಮಾ" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಆ ನೀರಿನ ಕತೆ ಕೇಳಿ. ನಮ್ಮದು ಕಾಲುವೆಯ ಕೊನೆಯ ಊರು. ಬಸವಸಾಗರದ ನೀರು ನಾರಾಯಣಪುರದಿಂದ ಹೊರಟು ಹರಿದು ಬರುವಾಗ ಕಾಲುವೆಯ ತಲೆಗೆ ಇದ್ದವರು ತಮ್ಮ ಹೊಲ ಕೆರೆ ಮಾಡಿಕೊಂಡು ಭತ್ತ ಹಚ್ಚಿದರು. ಭತ್ತ ಹಚ್ಚಬಾರದೆಂದು ಕಾಯ್ದೆ ಇತ್ತು. ಕಾಯ್ದೆ ನಮ್ಮ ಊರಿಗೆ ಬಂತು, ನೀರು ಬರಲಿಲ್ಲ. ಕೊನೆಯ ಹೊಲದ ತೂಬಿನಲ್ಲಿ ಹಲ್ಲಿ ಮನೆ ಮಾಡಿತು. ಆದರೆ ನೀರಿನ ಕರದ ನೋಟೀಸು ಮಾತ್ರ ತಲೆಗೂ ಬಂತು, ಕೊನೆಗೂ ಬಂತು. ನಿಮ್ಮ ಬಹುಮಾನದ ಕಾರ್ಡನ್ನು ಹತ್ತಿರದಿಂದ ನೋಡಿದಾಗ ನನಗೆ ಆ ಕಾಲುವೆಯೇ ಕಂಡಿತು. ಹೆಚ್ಚು ಖರ್ಚು ಮಾಡುವವನಿಗೆ ಹೆಚ್ಚು ಬಹುಮಾನ. ವಿಮಾನದಲ್ಲಿ ಹಾರುವವನಿಗೆ ಪುಕ್ಕಟೆ ಊಟ, ಮೆತ್ತನೆಯ ಕುರ್ಚಿ. ಈ ಬಹುಮಾನ ಎಲ್ಲಿಂದ ಬರುತ್ತದೆ? ನಿಮ್ಮ ಜೇಬಿನಿಂದಂತೂ ಅಲ್ಲ. ಬೀಜ, ಪೈಪು, ಹಾರ್ಡ್‌ವೇರು ಮಾರುವ ಭಾಗಣ್ಣ ನನಗೆ ಒಂದೇ ಮಾತಿನಲ್ಲಿ ತಿಳಿಸಿದ: "ಮಾಸ್ತರ, ಕಾರ್ಡ ತಿಕ್ಕಿದಾಗೊಮ್ಮೆ ಬ್ಯಾಂಕಿನವರು ನನ್ನ ಕಡೆ ಮುರಕೋತಾರ. ನಾ ಎಲ್ಲಿಂದ ತರ್ಲಿ? ಪೈಪಿನ ರೇಟಿನ್ಯಾಗ ಕೂಡಸ್ತೀನಿ." ಅಂದರೆ ರೊಕ್ಕ ಎಣಿಸಿ ಕೊಟ್ಟು ಪೈಪು ಒಯ್ಯುವ ಕೂಲಿಯವನೂ ವಿಮಾನದವನ ಊಟಕ್ಕೆ ಕಾಣಿಕೆ ಹಾಕುತ್ತಾನೆ. ಗಡುವಿನೊಳಗೆ ಬಿಲ್ಲು ಕಟ್ಟಲಾಗದವನ ಬಡ್ಡಿಯೂ ಅಲ್ಲಿಗೇ ಹರಿಯುತ್ತದೆ. ಕೊನೆಯಿಂದ ತಲೆಗೆ ನೀರು ಹರಿಸುವ ಕಾಲುವೆಯನ್ನು ಯಾವ ಇಂಜಿನಿಯರನೂ ಕಟ್ಟಲಾರ. ನೀವು ಕಟ್ಟಿದ್ದೀರಿ.

ಕಾರ್ಡು ಬಂತು. ಅಕ್ಕನೊಬ್ಬಳ ಖರ್ಚಿನಲ್ಲಿ, ಅಂದರೆ ಚಹಾಪುಡಿ, ಎಣ್ಣೆ, ಬಿ.ಪಿ. ಗುಳಿಗೆಗಳಲ್ಲಿ, ಪಾಯಿಂಟು ಕೂಡಿ ನಾಗಪುರ ಕಾಣುವ ಹೊತ್ತಿಗೆ ಅವಳು ನೂರು ದಾಟಿರುತ್ತಿದ್ದಳು. ಅವಳಿಗೆ ಅದು ಬೇಗ ತಿಳಿಯಿತು. ಆಗ ಅವಳು ನಮಗೆಲ್ಲ ಗೊತ್ತಿದ್ದ ಹಳೆಯ ದಾರಿ ಹಿಡಿದಳು.

ಕೊನೆಯ ಹೊಲಕ್ಕೂ ನೀರು ಬೇಕೆಂದು ನಾವು ಕಾಲುವೆ ಕಚೇರಿಯ ಮುಂದೆ ಕುಂತ ಕಾಲದಲ್ಲಿ ಮನೆಗೊಂದು ಮುಷ್ಟಿ ಜೋಳ ಎತ್ತುತ್ತಿದ್ದೆವು. ಅದೇ ಜೋಳ ಬೀಸಿ ರೊಟ್ಟಿ, ಅದೇ ರೊಟ್ಟಿ ತಿಂದು ಧರಣಿ. ರಜೆ ಹಾಕಿ ಬಂದು ರೊಟ್ಟಿ ಬಡಿಯುತ್ತಿದ್ದವಳು ಅಕ್ಕ. ಅದಕ್ಕೊಂದು ಕಟ್ಟು ಇತ್ತು: ಮುಷ್ಟಿ ಕೊಟ್ಟವರ ಹೆಸರನ್ನು ಸಭೆಯಲ್ಲಿ ಮೈಕಿನ ಮುಂದೆ ಓದಿಯೇ ತೀರಬೇಕು. ಒಬ್ಬರದೂ ಬಿಡುವಂತಿಲ್ಲ. ಹೆಚ್ಚು ಕೊಟ್ಟವನಿಗೆ ಹೆಚ್ಚಿನ ಚಪ್ಪಾಳೆಯಿಲ್ಲ, ಕಡಿಮೆ ಕೊಟ್ಟವಳಿಗೆ ಮುಜುಗರವಿಲ್ಲ. ಹೆಸರು ಓದದೆ ಉಂಡರೆ ಅದು ಕದ್ದು ಉಂಡಂತೆ ಎಂಬುದು ನಮ್ಮ ನಂಬಿಕೆ. ಓದುತ್ತಿದ್ದವಳೂ ಅಕ್ಕನೇ. ಅವಳ ದನಿಗೆ ಮೈಕು ಬೇಕಾಗಿರಲಿಲ್ಲ.

ಈ ಸಲ ಓಣಿಯವರು ಜೋಳ ಕೊಡಬೇಕಾಗಿರಲಿಲ್ಲ. ಹೇಗೂ ಕೊಳ್ಳುವುದನ್ನೇ ಅಕ್ಕನ ಕಾರ್ಡಿನಿಂದ ಕೊಂಡರೆ ಸಾಕು. ರೊಕ್ಕ ಮೊದಲೇ ಅವಳ ಕೈಗೆ, ಅವಳು ಅಂಗಡಿಯಲ್ಲಿ ಕಾರ್ಡು ತಿಕ್ಕುವುದು, ರೊಕ್ಕವನ್ನು ಗಡುವಿಗೆ ಮುಂಚೆಯೇ ಬ್ಯಾಂಕಿಗೆ ತುಂಬುವುದು. ಯಾರ ಚೀಲವೂ ಕಡಿಮೆಯಾಗದ ಮುಷ್ಟಿ ಜೋಳ. ಅಯ್ಯಪ್ಪ ಹತ್ತಿ ಬೀಜ ಕೊಂಡ. ಬಾಷುಮಿಯಾ ತನ್ನ ಆಟೋಕ್ಕೆ ಟೈರು ಹಾಕಿಸಿದ. ಮಲ್ಲಾಬಾಯಿ ಮಗಳ ಮದುವೆಗೆ ಪಾತ್ರೆ ತಂದಳು. ಇವರೆಲ್ಲ ತಮ್ಮ ಕೆಲಸ ಬಿಟ್ಟು ಅಕ್ಕನನ್ನು ಕರೆದುಕೊಂಡು ಹೋಗಿ, ಅವಳು ಗುಪ್ತ ಅಂಕಿ ಒತ್ತುವಾಗ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರು. ಅಷ್ಟು ಮರ್ಯಾದೆ.

"ಏನು ಮೋನಮ್ಮಾಯಿ, ಹೊಲ ಯಾವಾಗ ತಗೊಂಡ್ರಿ? ಹೇಳಲೇ ಇಲ್ಲ" ಎಂದು ಭಾಗಣ್ಣ ಕಾಡಿಸಿದ.

"ಹೊಲ ಇಲ್ಲೋ, ಬೀಜ ಅದ. ಮೊದಲು ಬೀಜ, ಆಮ್ಯಾಲ ಹೊಲ. ಲಗೂ ತಿಕ್ಕು."

ಕಾರ್ಡಿನ ಸಲುವಾಗಿ ಅವನು ಎಲ್ಲರ ರೇಟಿನಲ್ಲೂ ಕೂಡಿಸುವ ಹೆಚ್ಚಿನ ದರವನ್ನು ಇವಳ ಮೇಲೆ ಹಾಕಲಿಲ್ಲ. ಭಾಗಣ್ಣ ಆ ಹಾಸ್ಟೆಲಿನಲ್ಲಿ ಇದ್ದು ಓದಿದವನು. "ನಿಮ್ಮ ರೊಟ್ಟಿ ಇನ್ನೂ ಹೊಟ್ಟ್ಯಾಗ ಅದ, ಅದಕ್ಕ ನಾ ಬಡ್ಡಿ ಕಟ್ಟಿಲ್ಲ" ಎಂದ. ನೋಡಿ, ಅದು ಅವನ ಮುಷ್ಟಿ.

ಒಂದು ವರ್ಷ ಕಳೆಯುವ ಹೊತ್ತಿಗೆ ಎರಡು ಬರ್ತಿಗೆ, ಹೋಗಿ ಬರಲು ಸಾಕಾಗುವಷ್ಟು ಪಾಯಿಂಟು ಕೂಡಿತು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡದ್ದು ದಸರೆಯಂದು, ಅದಕ್ಕೆ ಇನ್ನೂ ಸಮಯವಿತ್ತು. ಮುನ್ನಿಬೀ ಪೆಟ್ಟಿಗೆಯಿಂದ ಹೊಸ ಬುರ್ಖಾ ತೆಗೆದು ಬಿಸಿಲಿಗೆ ಹಾಕಿದಳು, ಅಕ್ಕ ಬಿಳಿ ಸೀರೆಗೆ ಗಂಜಿ ಕೊಟ್ಟಳು. ಇಬ್ಬರೂ ಶಾಖೆಗೆ ಹೋಗಿ ಟಿಕೀಟು ಕೊಡಿರಿ ಎಂದರು. ಟೈ ಕಟ್ಟಿದವನು ಬೇರೆ ಊರಿಗೆ ವರ್ಗವಾಗಿದ್ದ. ಇದ್ದವರು ಗಣಕಯಂತ್ರ ನೋಡಿ, ಈ ಕಾರ್ಡಿನ ಪಾಯಿಂಟಿಗೆ ವಿಮಾನ ಸಿಗುತ್ತದೆ, ಹೋಟೆಲು ಸಿಗುತ್ತದೆ, ವಿಮಾನ ನಿಲ್ದಾಣದಲ್ಲಿ ವಿಶ್ರಾಂತಿ ಕೋಣೆ ಸಿಗುತ್ತದೆ, ರೈಲು ಕಾಣಿಸುತ್ತಿಲ್ಲ ಎಂದರು. ಬೇಕಾದರೆ ಫೋನು ಮಾಡಿ ಕೇಳಿ ಎಂದು ಒಂದು ನಂಬರು ಕೊಟ್ಟರು.

ಆ ಫೋನು ನಮ್ಮ ಮನೆಯ ಕಟ್ಟೆಯ ಮೇಲೆ, ನನ್ನ ಎದುರಿಗೇ ನಡೆಯಿತು. ಮುನ್ನಿಬೀ ಪಕ್ಕದಲ್ಲಿ ಕುಂತಿದ್ದಳು. ಮೊದಲು ಒಂದು ದನಿ, ಈ ಕರೆಯನ್ನು ಧ್ವನಿಮುದ್ರಣ ಮಾಡಲಾಗುತ್ತಿದೆ ಎಂದಿತು. ಅಕ್ಕ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕುಂತಳು. ಆಮೇಲೆ ಒಬ್ಬ ಹುಡುಗಿ ಬಂದಳು, ದಕ್ಷಿಣದ ಕಡೆಯ ಕನ್ನಡ. ಅಕ್ಕ ಮಾತು ಶುರು ಮಾಡಿದ್ದೇ ತಡ, "ಅಮ್ಮಾ, ಯಾಕೆ ಜಗಳ ಆಡ್ತಿದೀರಾ?" ಎಂದಳು.

"ಜಗಳ ಅಲ್ಲವ್ವಾ, ನಮ್ಮ ಮಾತ ಹಿಂಗ. ನೀ ಹೆದರಬ್ಯಾಡ."

ಹುಡುಗಿ ಸಂಭಾವಿತಳೇ. ರೈಲು ಬರುವುದಿಲ್ಲ, ಆದರೆ ವಿಚಾರಿಸಿ ಬೇರೆ ಏನಾದರೂ ಮಾಡಬಹುದೋ ನೋಡುತ್ತೇನೆ ಎಂದಳು. ಪರದೆಯಲ್ಲಿ ಖರೀದಿಗಳನ್ನು ನೋಡಿದಳೆಂದು ಕಾಣುತ್ತದೆ. "ಬೀಜದ ಅಂಗಡಿ, ಟೈರಿನ ಅಂಗಡಿ, ಪಾತ್ರೆ ಅಂಗಡಿ, ಈ ಖರೀದಿ ಎಲ್ಲ ನಿಮ್ಮದೇನಾ ಅಮ್ಮಾ?" ಎಂದು ಕೇಳಿದಳು.

ಹೌದು ಅನ್ನಬಹುದಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ನಾನು ಕೈ ಸನ್ನೆ ಮಾಡಿದೆ, ಅವಳು ನನ್ನ ಕಡೆ ನೋಡಲಿಲ್ಲ. ಹೆಸರು ಓದುವ ಹೊತ್ತು ಬಂದಿತ್ತು. ಅದೂ ಬ್ಯಾಂಕಿನವರೇ ಕೇಳಿದ್ದಾರೆ, ಅದೂ ಮುದ್ರಣವಾಗುತ್ತಿದೆ.

"ಎಲ್ಲಾ ನಂದ್ಯಾಕಿರ್ತದವ್ವಾ? ನನ್ನ ಓಣಿಯವರದು. ಬರಕೋ. ಹತ್ತಿ ಬೀಜ ಅಯ್ಯಪ್ಪಂದು. ಟೈರು ಬಾಷುಮಿಯಾಂದು. ಪಾತ್ರಿ ಮಲ್ಲಾಬಾಯಿದು, ಆಕಿ ಮಗಳ ಮದಿವಿಗೆ. ಕನ್ನಡಕ ನನ್ನ ತಮ್ಮ ಹುಲಗಪ್ಪಂದು. ಭಾಗಣ್ಣ ಅಂಗಡಿ ಇಟ್ಟಾನ, ಅವ ಹೆಚ್ಚಿಗಿ ರೊಕ್ಕ ಬಿಟ್ಟಾನ, ಅವನ ಹೆಸರೂ ಹಾಕು."

ಹೀಗೆ ಎಲ್ಲವನ್ನೂ ಓದಿದಳು. ಕೊನೆಗೆ, "ಬರಕೊಂಡಿಯೇನವ್ವಾ? ಯಾರದೂ ಬಿಟ್ಟಿಲ್ಲ ಹೌದಲ್ಲ?" ಎಂದಳು.

"ಬಿಟ್ಟಿಲ್ಲ ಅಮ್ಮಾ" ಎಂದು ಆ ಹುಡುಗಿ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಪಾಪ, ಇದರಿಂದ ಏನಾಗುತ್ತದೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಆಮೇಲೆ ನಿಮ್ಮ ಸಹಿಯಿಲ್ಲದ ಪತ್ರ ಬಂತು. ಪರರ ಖರೀದಿಗೆ ಕಾರ್ಡು ಬಳಸಿರುವುದನ್ನು ಗ್ರಾಹಕರು ಸ್ವತಃ ಒಪ್ಪಿಕೊಂಡಿರುತ್ತಾರೆ, ಆದಕಾರಣ ಪಾಯಿಂಟು ರದ್ದು, ಕಾರ್ಡು ರದ್ದು. ಒಪ್ಪಿಕೊಂಡಿರುತ್ತಾರೆ! ಠಾಣೆಯಲ್ಲಿ ಕಳ್ಳನ ಬಗ್ಗೆ ಬರೆಯುವ ಮಾತು ಅದು. ರದ್ದಾದ ಕಾರ್ಡಿನ ವಾರ್ಷಿಕ ಶುಲ್ಕವನ್ನು ಮಾತ್ರ ನೀವು ರದ್ದು ಮಾಡಲಿಲ್ಲ, ಅವಳ ಪಿಂಚಣಿಯಿಂದ ಮುರಿದುಕೊಂಡಿರಿ. ಕೊನೆಯ ಹೊಲಕ್ಕೆ ನೀರಿಲ್ಲ, ನೀರಿನ ಕರ ಉಂಟು ಎಂದೆನಲ್ಲ, ಅದು ಇದೇ.

ಈಗ ಕೇಳುತ್ತೇನೆ. ವಾಣಿಜ್ಯ ಎಂದರೇನು? ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರುವುದು ವಾಣಿಜ್ಯ ಎಂದು ನಾನು ಶಾಲೆಯಲ್ಲಿ ಹೇಳಿಕೊಟ್ಟಿದ್ದೇನೆ. ಅಕ್ಕ ಯಾರಿಗೆ ಏನು ಮಾರಿದಳು? ನಿಮ್ಮ ಒಂದು ರೂಪಾಯಿಯನ್ನಾದರೂ ಒಂದು ದಿನವಾದರೂ ತಡ ಮಾಡಿದಳೇ? ದೊಡ್ಡ ಕಂಪನಿಯ ಸಾಹೇಬರು ಕಂಪನಿಯ ಖರ್ಚನ್ನು ತಮ್ಮ ಕಾರ್ಡಿಗೆ ಹಾಕಿ, ಆ ಪಾಯಿಂಟಿನಲ್ಲಿ ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸುವಾಗ ಅದು ಯಾರ ಖರೀದಿ ಎಂದು ನಿಮ್ಮ ಹುಡುಗಿಯರು ಕೇಳುತ್ತಾರೆಯೇ? ಕೇಳಿದರೂ ಅವರು ಹೆಸರು ಓದುತ್ತಾರೆಯೇ? ಅಕ್ಕನ ತಪ್ಪು ಕೂಡಿ ಕೊಂಡದ್ದಲ್ಲ ಮಾನ್ಯರೇ, ಕೂಡಿದವರ ಹೆಸರು ಹೇಳಿದ್ದು. ನಿಮ್ಮ ವ್ಯವಸ್ಥೆಯಲ್ಲಿ ಒಬ್ಬೊಬ್ಬರೇ ಇರಬೇಕು, ಒಬ್ಬೊಬ್ಬರೇ ಕೊಳ್ಳಬೇಕು, ಒಬ್ಬೊಬ್ಬರೇ ಮುಳುಗಬೇಕು. ನಾಲ್ಕು ಜನ ಕೂಡಿದರೆ ಅದು ದುರ್ಬಳಕೆ.

ಪತ್ರವನ್ನು ನಾನೇ ಓದಿ ಹೇಳಿದೆ. ಅಕ್ಕ ಅತ್ತಳು ಎಂದು ಬರೆದರೆ ನಿಮಗೆ ಅನುಕೂಲ, ಆದರೆ ಅವಳು ಅಳಲಿಲ್ಲ. ಮನೆ ಮನೆಗೆ ಹೋದಳು. ಅಯ್ಯಪ್ಪನ ಮನೆಗೆ, ಬಾಷುಮಿಯಾನ ಮನೆಗೆ, ಮಲ್ಲಾಬಾಯಿಯ ಮನೆಗೆ. "ನಿಮ್ಮ ಮುಷ್ಟಿ ಹೋತ್ರಪಾ. ನಾ ಉಂಡಿಲ್ಲ" ಎಂದು ಹೇಳಿ ಬಂದಳು. ಓಣಿಯವರು ಈ ಸಲ ನಿಜವಾದ ರೊಕ್ಕವನ್ನೇ ಕೂಡಿಸುತ್ತೇವೆಂದು ಬಂದರು. ಬೇಡವೆಂದಳು. ಮುನ್ನಿಬೀಯ ಸೊಂಟ ಅಷ್ಟರಲ್ಲಿ ಮತ್ತೆ ಕೈಕೊಟ್ಟಿತ್ತು. ಈಗ ಹಾಸಿಗೆಯಿಂದ ಬಾಗಿಲಿಗೆ ಬರಲು ಇಬ್ಬರು ಹಿಡಿಯಬೇಕು. ಇನ್ನು ಪ್ರಯಾಣ ಬೇಡವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

"ನೀ ಹೋಗಿ ಬಾ ಮೋನವ್ವ. ನನ್ನ ಬಾಬಾಗ ನನ್ನ ಸಲಾಮ ಹೇಳು" ಎಂದಳು ಮುನ್ನಿಬೀ.

"ಇಬ್ಬರ ಹೆಸರಿಲೆ ಕೂಡಿಸಿದ್ದು. ಒಬ್ಬಾಕಿ ಹ್ಯಾಂಗ ಉಣ್ಣಲಿ?"

ಗಂಜಿ ಹಾಕಿದ ಬಿಳಿ ಸೀರೆ ಹಗ್ಗದ ಮೇಲೆ ಮಡಚಿದಂತೆಯೇ ಇದೆ.

ಆದ್ದರಿಂದ ನಾನು ಪಾಯಿಂಟು ಕೇಳುವುದಿಲ್ಲ. ಅದನ್ನು ಇಟ್ಟುಕೊಂಡು ನೀವೇ ಎಲ್ಲಿಗಾದರೂ ಹಾರಿ. ನನ್ನ ಬೇಡಿಕೆ ಬೇರೆ. ಆ ಕರೆಯ ಧ್ವನಿಮುದ್ರಣ ನಿಮ್ಮ ಬಳಿ ಇದೆ. ಅದರ ಬಲದ ಮೇಲೆಯೇ ನೀವು ತೀರ್ಪು ಕೊಟ್ಟದ್ದು. ಈ ನವೆಂಬರಿನಲ್ಲಿ, ಜೀವಂತ ಇರುವವರೆಲ್ಲ ಶಹಾಪುರದ ಶಾಖೆಯಲ್ಲಿ ಬೆರಳು ಒತ್ತಲು ನಿಂತಾಗ, ಅದನ್ನು ಹಚ್ಚಿ ಎಲ್ಲರಿಗೂ ಕೇಳಿಸಿ. ಮೊದಲಿನಿಂದ ಕೊನೆಯವರೆಗೆ, ಆ ಹುಡುಗಿ "ಬಿಟ್ಟಿಲ್ಲ ಅಮ್ಮಾ" ಎನ್ನುವವರೆಗೆ. ಕೇಳಿದ ಮೇಲೆ ಇವಳು ವ್ಯಾಪಾರಿಯೋ ಅಲ್ಲವೋ ಎಂದು ಅಲ್ಲಿ ನಿಂತವರು ಹೇಳಲಿ. ಅವರಲ್ಲಿ ಅರ್ಧ ಜನರ ಮಕ್ಕಳು ಅವಳ ರೊಟ್ಟಿ ತಿಂದು ಓದಿದವರು.

ನೀವು ಇದನ್ನು ಮಾಡುವುದಿಲ್ಲ, ನನಗೆ ಗೊತ್ತು. ಕೊನೆಯ ಹೊಲಕ್ಕೆ ನೀರು ಕೇಳಿ ಕೇಳಿ, ಯಾವ ಅರ್ಜಿ ಯಾವ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಅಂದಾಜು ಹಾಕುವಷ್ಟು ಬುದ್ಧಿ ನನಗೆ ಬಂದಿದೆ. ಹಾಗಾದರೆ ಇಷ್ಟಾದರೂ ಮಾಡಿ. ಮುನ್ನಿಬೀ ಈ ಸಲ ಬ್ಯಾಂಕಿಗೆ ಬರಲಾರಳು. ಅವಳು ಬದುಕಿದ್ದಾಳೋ ಇಲ್ಲವೋ ನೋಡಲು ನಿಮ್ಮ ಶಾಖೆಯವರೇ ನಮ್ಮ ಓಣಿಗೆ ಬರಬೇಕು. ಬರುವಾಗ ಯಂತ್ರ ತರಲಿ. ಬಣ್ಣದ ಕಾಗದ ತರುವುದು ಬೇಡ. ಅವಳು ಹಾಸಿಗೆಯಲ್ಲೇ ಬೆರಳು ಒತ್ತುತ್ತಾಳೆ. ಪಕ್ಕದಲ್ಲಿ ಒಬ್ಬಾಕೆ ಕುಂತಿರುತ್ತಾಳೆ, ಬೆರಳ ಗೆರೆ ಸವೆದವಳು. ಅವಳನ್ನು ನಿಮ್ಮ ಯಂತ್ರ ಮೊದಲ ಸಲಕ್ಕೆ ನಂಬುವುದಿಲ್ಲ. ನಿಮ್ಮವರು ಒಂದು ಚಹಾ ಕುಡಿದು, ಮತ್ತೊಮ್ಮೆ ಒತ್ತಿಸಿ ನೋಡಲಿ.

ಇಂತಿ,
ಆ ಧ್ವನಿಮುದ್ರಣದಲ್ಲಿ ಕನ್ನಡಕದ ಮುಂದೆ ಹೆಸರಿರುವ,
ಅದೇ ಕನ್ನಡಕ ಹಾಕಿಕೊಂಡು ನಿಮ್ಮ ಪತ್ರವನ್ನು ಅಕ್ಕನಿಗೆ ಓದಿ ಹೇಳಬೇಕಾಗಿ ಬಂದ,
ಹುಲಗಪ್ಪ
ನಿವೃತ್ತ ಕನ್ನಡ ಮಾಸ್ತರ, ಶಹಾಪುರ
(ಸಹಿ ಹಾಕಿದ್ದೇನೆ.)